ಟಿಪ್ಸ್ ಬೇಡ, ಲೆಕ್ಕ ಕೊಡಿ

3 1 2 – 1 ಎಫ್ 4

ಬ್ರಿಟನ್ ಅಥವಾ ಐರ್ಲೆಂಡಿನ ರೇಸ್ ಕಾರ್ಡ್ ತೆರೆದರೆ ಪ್ರತಿ ಕುದುರೆಯ ಹೆಸರಿನ ಪಕ್ಕದಲ್ಲಿ ಇಂಥದ್ದೊಂದು ಸಾಲು ಕಾಣುತ್ತದೆ. ಇದಕ್ಕೆ ‘ಫಾರ್ಮ್’ ಎನ್ನುತ್ತಾರೆ. ಎಡದಿಂದ ಬಲಕ್ಕೆ ಓದಬೇಕು, ಬಲತುದಿಯಲ್ಲಿರುವುದು ತೀರಾ ಇತ್ತೀಚಿನ ಓಟ. ಅಂಕಿ ಎಂದರೆ ಎಷ್ಟನೇ ಸ್ಥಾನ ಎಂದು. ಸೊನ್ನೆ ಇದ್ದರೆ ಹತ್ತನೆಯದು ಅಥವಾ ಇನ್ನೂ ಹಿಂದೆ. ನಡುವಿನ ಗೀಟು ಒಂದು ಸೀಸನ್ ಮುಗಿದದ್ದಕ್ಕೆ ಗುರುತು. ಎಫ್ ಎಂದರೆ ಕುದುರೆ ಬಿತ್ತು. ಯು ಎಂದರೆ ಸವಾರ ಉರುಳಿದ. ಪಿ ಎಂದರೆ ಕುದುರೆಗೆ ಆಗದು ಎಂದು ಸವಾರನೇ ನಡುದಾರಿಯಲ್ಲಿ ನಿಲ್ಲಿಸಿದ. ಬಿ ಎಂದರೆ ಮುಂದೆ ಬಿದ್ದ ಇನ್ನೊಂದು ಕುದುರೆಯ ದೆಸೆಯಿಂದ ಇದೂ ಬಿತ್ತು.

ಪತ್ರಿಕೋದ್ಯಮ ಓದಿದ ನಮಗೆ ಈ ಸಾಲು ಕಂಡರೆ ಒಂದು ಬಗೆಯ ಹೊಟ್ಟೆಕಿಚ್ಚು. ಆರು ಓಟದ ವರದಿ ಆರು ಗುರುತಿನಲ್ಲಿ ಮುಗಿದಿದೆ. ವಿಶೇಷಣ ಇಲ್ಲ, ಹೊಗಳಿಕೆ ಇಲ್ಲ, ಬಿದ್ದದ್ದನ್ನು ಮುಚ್ಚಿಟ್ಟಿಲ್ಲ. ಅದೇ ಪುಟದಲ್ಲಿ ಸ್ವಲ್ಪ ಪಕ್ಕಕ್ಕೆ ಹೋದರೆ ಟಿಪ್ಸ್ ಅಂಕಣ ಇರುತ್ತದೆ. ಅಲ್ಲಿ ಒಂದು ಹೆಸರು, ಅದರ ಹಿಂದೆ ಎರಡು ಸಾಲು ಭರವಸೆ. ವರದಿಗೂ ಭರವಸೆಗೂ ನಡುವೆ ಇರುವ ಈ ಒಂದು ಅಂಗುಲ ಜಾಗದ ಬಗ್ಗೆಯೇ ಈ ಬರಹ.

ನಮ್ಮ ವಾದ ಇಷ್ಟು: ಫಾರ್ಮ್ ಓದುವುದು ನಿಜವಾದ ವಿದ್ಯೆ. ಆ ವಿದ್ಯೆ ಕೊಡುವುದು ಒಂದು ಅಂದಾಜನ್ನು. ಆ ಅಂದಾಜನ್ನು ಅಡಗಿಸಿ, ಗೆಲ್ಲುವ ಕುದುರೆ ಇದೇ ಎಂದು ಹೆಸರು ಮಾತ್ರ ಅಚ್ಚು ಹಾಕುವವರು ಓದುಗರಿಗೆ ತಮ್ಮ ಲೆಕ್ಕ ತೋರಿಸಬೇಕು.

ಮೊದಲು ವಿದ್ಯೆಯ ಮಾತು. ಬೆಂಗಳೂರು, ಮೈಸೂರಿನ ರೇಸ್‌ಗಳಲ್ಲಿ ಕುದುರೆಗಳು ಬರೀ ನೆಲದ ಮೇಲೆ ಓಡುತ್ತವೆ, ಹಾರುವ ಕೆಲಸವಿಲ್ಲ. ಬ್ರಿಟನ್, ಐರ್ಲೆಂಡಿನ ‘ಜಂಪ್’ ರೇಸಿನಲ್ಲಿ ದಾರಿಯುದ್ದಕ್ಕೂ ಬೇಲಿಗಳಿರುತ್ತವೆ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಬಾಜಿ ಕಟ್ಟಿ, ಬಟವಂಟ್ ಊರಿನ ಚರ್ಚಿನಿಂದ ಡೊನರೈಲ್ ಊರಿನ ಚರ್ಚಿನ ಗೋಪುರವನ್ನೇ ಗುರಿಯಾಗಿಟ್ಟುಕೊಂಡು ಹೊಲ, ಬೇಲಿ, ಹಳ್ಳ ಹಾರಿಸಿ ಕುದುರೆ ಓಡಿಸಿದರಂತೆ. ಚರ್ಚಿನ ಚೂಪು ಗೋಪುರಕ್ಕೆ ಅಲ್ಲಿ ‘ಸ್ಟೀಪಲ್’ ಎನ್ನುವುದರಿಂದ ಇದು ‘ಸ್ಟೀಪಲ್‌ಚೇಸ್’ ಆಯಿತು. ಈಗ ಎರಡು ಬಗೆ ಇವೆ. ಮೂರೂವರೆ ಅಡಿಯ, ತಗುಲಿದರೆ ಬಾಗುವ ಹರ್ಡಲ್‌ಗಳ ಓಟ ಒಂದು. ಕನಿಷ್ಠ ನಾಲ್ಕೂವರೆ ಅಡಿಯ ಗಟ್ಟಿ ಬೇಲಿಗಳ ಓಟ ಇನ್ನೊಂದು. ದೂರ ಸುಮಾರು ಎರಡು ಮೈಲಿಯಿಂದ ಶುರುವಾಗಿ ನಾಲ್ಕು ಮೈಲಿ ದಾಟುತ್ತದೆ. ಲಿವರ್‌ಪೂಲ್ ಬಳಿಯ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ನಾಲ್ಕೂಕಾಲು ಮೈಲಿಗೂ ಹೆಚ್ಚು ದೂರ, 30 ಬೇಲಿ.

ಹಾಗಾಗಿ ವೇಗವೊಂದೇ ಇಲ್ಲಿ ಸಾಲದು. ಓದುವವರು ಮೊದಲು ಕೇಳುವುದು ನೆಲದ ಹದವನ್ನು. ನಮ್ಮ ರೈತರು ಬಿತ್ತನೆಗೆ ಮುನ್ನ ಮಣ್ಣು ಮುಷ್ಟಿಯಲ್ಲಿ ಹಿಡಿದು ನೋಡುವಂತೆ, ಅಲ್ಲಿ ಓಟಕ್ಕೆ ಮುನ್ನ ಟ್ರ್ಯಾಕಿನ ಹದ ಪ್ರಕಟಿಸುತ್ತಾರೆ: ಕೆಸರು, ಮೆತ್ತಗೆ, ಹದವಾಗಿದೆ, ಗಟ್ಟಿ ಎಂದು ಮೆಟ್ಟಿಲು ಮೆಟ್ಟಿಲಾಗಿ. ಜನವರಿಯ ಕೆಸರಿನಲ್ಲಿ ಮೂರು ಸಲ ಗೆದ್ದ ಕುದುರೆ ಏಪ್ರಿಲ್‌ನ ಗಟ್ಟಿ ನೆಲದಲ್ಲಿ ಹಿಂದೆ ಬೀಳಬಹುದು. ಅದರ ಫಾರ್ಮಿನಲ್ಲಿರುವ ಮೂರು ‘1’ ಸುಳ್ಳಲ್ಲ, ಆದರೆ ಈ ಓಟಕ್ಕೆ ಅವು ಸಾಕ್ಷಿಯಾಗುವುದಿಲ್ಲ. ಎರಡು ಮೈಲಿಯ ಗೆಲುವು ಮೂರು ಮೈಲಿಗೆ ಸಾಕ್ಷಿಯಲ್ಲ. ಹರ್ಡಲ್ ಮೇಲಿನ ಗೆಲುವು ಗಟ್ಟಿ ಬೇಲಿಗೆ ಸಾಕ್ಷಿಯಲ್ಲ.

ಆಮೇಲೆ ಭಾರ. ಹ್ಯಾಂಡಿಕ್ಯಾಪ್ ಓಟದಲ್ಲಿ ಬಲವಾದ ಕುದುರೆಗೆ ಹೆಚ್ಚು ತೂಕ ಹೇರಿ ಎಲ್ಲರನ್ನೂ ಸಮ ಮಾಡಲು ನೋಡುತ್ತಾರೆ. ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ಪನ್ನು 1964, 65, 66ರಲ್ಲಿ ಸತತವಾಗಿ ಗೆದ್ದ ಐರ್ಲೆಂಡಿನ ಆರ್ಕಲ್ ಎಂಬ ಕುದುರೆ ಎಷ್ಟು ಮೇಲಿತ್ತೆಂದರೆ, ಅದು ಓಡಿದರೆ ಒಂದು ತೂಕ, ಓಡದಿದ್ದರೆ ಇನ್ನೊಂದು ಎಂದು ಅಲ್ಲಿನ ಅಧಿಕಾರಿಗಳು ಎರಡೆರಡು ಪಟ್ಟಿ ಮಾಡಬೇಕಾಯಿತು. 1966ರ ಹೆನೆಸ್ಸಿ ಗೋಲ್ಡ್ ಕಪ್‌ನಲ್ಲಿ ಅದು ಸ್ಟಾಲ್‌ಬ್ರಿಜ್ ಕಲೊನಿಸ್ಟ್ ಎಂಬ ಕುದುರೆಗೆ ಅರ್ಧ ಮೈಯಳತೆಯಲ್ಲಿ ಸೋತಿತು. ಫಾರ್ಮ್ ಸಾಲಿನಲ್ಲಿ ಅದು ಬರೀ ‘2’. ಗೆದ್ದ ಕುದುರೆಗಿಂತ ಆರ್ಕಲ್ 35 ಪೌಂಡ್, ಅಂದರೆ ಸುಮಾರು 16 ಕಿಲೋ ಹೆಚ್ಚು ಹೊತ್ತಿತ್ತು ಎಂದು ತಿಳಿದವರಿಗೆ ಆ ‘2’ ಎಷ್ಟೋ ಗೆಲುವಿಗಿಂತ ದೊಡ್ಡದು. ಅಂಕಿ ಎಲ್ಲರಿಗೂ ಒಂದೇ. ಅದರ ಹಿಂದಿನ ಸಂದರ್ಭ ತಿಳಿದಾಗಲೇ ಅದು ಮಾಹಿತಿ.

‘ಎಫ್’ ಕೂಡ ಹಾಗೆಯೇ. ಎಲ್ಲಿ ಬಿತ್ತು? ಮೊದಲ ಬೇಲಿಯಲ್ಲೋ, ದಣಿದು ಕೊನೆಯದರಲ್ಲೋ? ಬೀಳುವ ಮೊದಲೂ ಎರಡು ಬೇಲಿಗೆ ತಗುಲಿಸಿತ್ತೇ? ಒಂದು ಸಲ ಬಿದ್ದದ್ದು ಆಕಸ್ಮಿಕವೋ, ಹಾರುವ ರೀತಿಯಲ್ಲೇ ಕೊರೆ ಇದೆಯೋ? ಜಾತ್ರೆಯಲ್ಲಿ ಎತ್ತು ಕೊಳ್ಳುವ ಹಿರಿಯರು ಹಲ್ಲು ಎಣಿಸಿ ಸುಮ್ಮನಾಗುವುದಿಲ್ಲ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ, ಹಿಂದೆ ಯಾರ ಹಟ್ಟಿಯಲ್ಲಿತ್ತು ಎಂದು ವಿಚಾರಿಸುತ್ತಾರೆ. ಒಳ್ಳೆಯ ಫಾರ್ಮ್ ಓದುಗರ ಕೆಲಸವೂ ಅದೇ.

ಇಷ್ಟೆಲ್ಲ ಓದಿದ ಮೇಲೆ ಏನು ಸಿಗುತ್ತದೆ? 2025ರ ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲಿ ನಡೆದ ಚಾಂಪಿಯನ್ ಹರ್ಡಲ್ ನೋಡಿ. ಕಾನ್‌ಸ್ಟಿಟ್ಯೂಷನ್ ಹಿಲ್ ಅದುವರೆಗೆ ಓಡಿದ ಹತ್ತೂ ಓಟ ಗೆದ್ದಿತ್ತು. ದರ ಎರಡಕ್ಕೆ 1, ಅಂದರೆ ಎರಡು ಪೌಂಡ್ ಕಟ್ಟಿದರೆ ಒಂದು ಪೌಂಡ್ ಲಾಭ. ಅದು ಐದನೇ ಹರ್ಡಲ್‌ನಲ್ಲಿ ಬಿತ್ತು. ಹಿಂದಿನ ವರ್ಷದ ಚಾಂಪಿಯನ್ ಸ್ಟೇಟ್ ಮ್ಯಾನ್ ಎಲ್ಲರನ್ನೂ ಹಿಂದಿಕ್ಕಿ ಬರುತ್ತಿತ್ತು. ಅದು ಕೊನೆಯ ಹರ್ಡಲ್‌ನಲ್ಲಿ ಬಿತ್ತು. ಗೆದ್ದದ್ದು ಒಂದಕ್ಕೆ 25 ದರದ ಗೋಲ್ಡನ್ ಏಸ್.

ಹಾಗಾದರೆ ಫಾರ್ಮ್ ಎಂಬುದೇ ಬೂಟಾಟಿಕೆಯೇ? ಖಂಡಿತ ಅಲ್ಲ. ಗೋಲ್ಡನ್ ಏಸ್ ಹಿಂದಿನ ವರ್ಷ ಅದೇ ಚೆಲ್ಟನ್‌ಹ್ಯಾಮ್‌ನಲ್ಲಿ ಹೆಣ್ಣು ಕುದುರೆಗಳ ಓಟದಲ್ಲಿ ಬ್ರೈಟರ್‌ಡೇಸ್‌ಅಹೆಡ್ ಎಂಬ ಹೆಸರುವಾಸಿ ಕುದುರೆಯನ್ನು ಸೋಲಿಸಿತ್ತು. ಆ ಬ್ರೈಟರ್‌ಡೇಸ್‌ಅಹೆಡ್ ಕೂಡ ಈ ಓಟದಲ್ಲಿತ್ತು. ಗಮನವಿಟ್ಟು ಓದಿದವರಿಗೆ ‘ಇದಕ್ಕೂ ಒಂದು ಸಣ್ಣ ಅವಕಾಶವಿದೆ’ ಎನ್ನಲು ಆಧಾರ ಇತ್ತು. ‘ಇದೇ ಗೆಲ್ಲುತ್ತದೆ’ ಎನ್ನಲು ಯಾರ ಬಳಿಯೂ ಆಧಾರ ಇರಲಿಲ್ಲ. ಕಾನ್‌ಸ್ಟಿಟ್ಯೂಷನ್ ಹಿಲ್‌ಗೆ ಹೆಚ್ಚಿನ ಅವಕಾಶ ಇದೆ ಎಂದವರು ತಪ್ಪು ಹೇಳಿರಲಿಲ್ಲ. ಅದು ಸೋಲುವುದೇ ಇಲ್ಲ ಎಂದವರು ತಪ್ಪು ಹೇಳಿದ್ದರು, ಅದು ಅಂದು ಗೆದ್ದಿದ್ದರೂ ಆ ಮಾತು ತಪ್ಪೇ.

1967ರ ಗ್ರ್ಯಾಂಡ್ ನ್ಯಾಷನಲ್ ಇನ್ನೂ ಹಳೆಯ ಪಾಠ. 23ನೇ ಬೇಲಿಯ ಮುಂದೆ ಸವಾರನಿಲ್ಲದ ಒಂದು ಕುದುರೆ ಅಡ್ಡ ತಿರುಗಿ, ಹಿಂದೆ ಬಂದವೆಲ್ಲ ಒಂದರ ಮೇಲೊಂದು ಗುಂಪುಗೂಡಿದವು. ತುಂಬ ಹಿಂದೆ ಬರುತ್ತಿದ್ದ, ಒಂದಕ್ಕೆ ನೂರು ದರದ ಫಾಯ್ನವನ್ ಸಂದಿಯಲ್ಲಿ ನುಸುಳಿ ಹಾರಿ ಗೆದ್ದುಬಿಟ್ಟಿತು. ಆ ಬೇಲಿಗೆ ಈಗ ಅದರದೇ ಹೆಸರು. ಇದನ್ನು ಹೇಳಬಲ್ಲ ಫಾರ್ಮ್ ಯಾವ ಕಾರ್ಡಿನಲ್ಲೂ ಇರಲಿಲ್ಲ.

ಇನ್ನು ದುಡ್ಡಿನ ಲೆಕ್ಕ. ಐದು ಕುದುರೆಗಳ ಓಟ ಎಂದುಕೊಳ್ಳಿ. ಬುಕ್ಕಿಯ ದರ ಒಂದಕ್ಕೆ 2, 3, 4, 5, 6. ಒಂದಕ್ಕೆ 2 ಎಂದರೆ ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ ಎಂಬ ಅಂದಾಜು, ಶೇ. 33. ಉಳಿದವು 25, 20, 17, 14. ಕೂಡಿ ನೋಡಿ, 109 ಬರುತ್ತದೆ. ಗೆಲ್ಲುವುದು ಒಂದೇ ಕುದುರೆ, ಒಟ್ಟು ನೂರೇ ಇರಬೇಕು. ಮೇಲಿನ ಒಂಬತ್ತು ಬುಕ್ಕಿಯ ಪಾಲು. ಅಂದರೆ ಬಾಜಿ ಕಟ್ಟುವವರು ಸರಾಸರಿ ಬುದ್ಧಿವಂತರಾದರೆ ಸಾಲದು. ಮಾರುಕಟ್ಟೆಯ ಅಂದಾಜಿಗಿಂತ ಚೆನ್ನಾಗಿ, ಆ ಒಂಬತ್ತನ್ನೂ ಮೀರುವಷ್ಟು ಚೆನ್ನಾಗಿ ಓದಬೇಕು. ಫೇವರಿಟ್ ಕುದುರೆಗಳು ಸುಮಾರು ಮೂರರಲ್ಲಿ ಒಂದು ಓಟ ಗೆಲ್ಲುತ್ತವೆ. ಆದರೂ ಕಣ್ಣು ಮುಚ್ಚಿ ಫೇವರಿಟ್ ಮೇಲೇ ಕಟ್ಟಿದವರ ಜೇಬು ಕ್ರಮೇಣ ಬರಿದಾಗುವುದು ಇದೇ ಕಾರಣಕ್ಕೆ. ಗೆಲ್ಲುವ ಕುದುರೆ ಯಾವುದು ಎಂಬುದು ಅರ್ಧ ಪ್ರಶ್ನೆ. ಅದಕ್ಕೆ ಕೇಳುತ್ತಿರುವ ದರ ಸರಿಯೇ ಎಂಬುದು ಉಳಿದರ್ಧ. ಟಿಪ್ಸ್ ಅಂಕಣ ಈ ಉಳಿದರ್ಧವನ್ನು ಬಹುತೇಕ ಮುಟ್ಟುವುದೇ ಇಲ್ಲ.

‘ಅಯ್ಯೋ, ಅದು ಮನರಂಜನೆ, ಅಷ್ಟೊಂದು ಯಾಕೆ ತಲೆಕೆಡಿಸಿಕೊಳ್ಳುತ್ತೀರಿ’ ಎನ್ನುವವರಿದ್ದಾರೆ. ರಾಶಿಭವಿಷ್ಯ ಹಾಕುವುದಿಲ್ಲವೇ ಎಂದೂ ಕೇಳುತ್ತಾರೆ. ರಾಶಿಭವಿಷ್ಯ ಓದಿದವರು ಅಂದು ಸಂಜೆಯೇ ಕೌಂಟರಿನಲ್ಲಿ ದುಡ್ಡು ಎಣಿಸಿ ಕೊಡುವುದಿಲ್ಲ. ಟಿಪ್ಸ್ ಓದುವುದೇ ಕೊಡುವುದಕ್ಕಾಗಿ. ಲೆಕ್ಕ ಇಡುವುದು ಆಗದ ಕೆಲಸವೂ ಅಲ್ಲ. ಬ್ರಿಟನ್ನಿನ ರೇಸಿಂಗ್ ಪೋಸ್ಟ್ ಪತ್ರಿಕೆ ಬೇರೆ ಬೇರೆ ಪತ್ರಿಕೆಗಳ ಟಿಪ್‌ಸ್ಟರ್‌ಗಳ ದಿನದ ಮುಖ್ಯ ಆಯ್ಕೆಯನ್ನು ಪಟ್ಟಿ ಮಾಡಿ, ಪ್ರತಿ ಸಲ ಒಂದೊಂದು ಪೌಂಡ್ ಕಟ್ಟಿದ್ದರೆ ಯಾರಿಗೆ ಎಷ್ಟು ಲಾಭ, ಎಷ್ಟು ನಷ್ಟ ಎಂದು ಸೀಸನ್ನಿನುದ್ದಕ್ಕೂ ಪ್ರಕಟಿಸುತ್ತದೆ. ಕುದುರೆಗೆ ಫಾರ್ಮ್ ಇದ್ದ ಹಾಗೆ ಟಿಪ್ಸ್ ಕೊಡುವವರಿಗೂ ಫಾರ್ಮ್! ಈ ಪದ್ಧತಿ ಎಲ್ಲ ಕಡೆ ಬರಲಿ ಎಂಬುದೇ ನಮ್ಮ ಬೇಡಿಕೆ.

ದೂರದ ಊರಿನ ಕುದುರೆ ವಿಷಯ ನಮಗೇಕೆ ಎಂದರೆ, ನಮ್ಮ ಕಾನೂನಿನಲ್ಲಿ ಒಂದು ಪದ ಇದೆ: ಕೌಶಲ. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕುದುರೆ ಓಟ ಮುಖ್ಯವಾಗಿ ಕೌಶಲದ ಆಟ, ಆದ್ದರಿಂದ ಜೂಜಲ್ಲ ಎಂದು ಹೇಳಿತು. ಆನ್‌ಲೈನ್ ಆಟಗಳ ಬಗ್ಗೆ 2021ರಲ್ಲಿ ಕರ್ನಾಟಕ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿದಾಗಲೂ ಕೌಶಲ ಮತ್ತು ಅದೃಷ್ಟದ ಈ ಭೇದವೇ ವಾದದ ನಡುಗಂಬವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂದು ನೋಡದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಅಷ್ಟರೊಳಗೆ ‘ಇದು ಕೌಶಲದ ಆಟ’ ಎಂಬ ಜಾಹೀರಾತಿನ ಮಾತು ನಮ್ಮ ಹಳ್ಳಿಗಳ ಫೋನ್‌ಗಳನ್ನೆಲ್ಲ ಹೊಕ್ಕು ಬಂದಿತ್ತು.

ಆಟದಲ್ಲಿ ಕೌಶಲ ಇದೆ ಎಂಬ ಮಾತಿಗೂ, ದುಡ್ಡು ಕಟ್ಟುವ ನನ್ನಲ್ಲಿ ಆ ಕೌಶಲ ಇದೆ ಎಂಬ ಮಾತಿಗೂ ಬಹಳ ಅಂತರ. ನೆಲದ ಹದ, ಭಾರ, ಬೇಲಿ, ದರ ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟು ಓದುವವರಿಗೆ ಅದು ಕೌಶಲ. ಬೆಳಿಗ್ಗೆ ಪೇಪರಿನಲ್ಲಿ ಹೆಸರು ನೋಡಿ, ಮಧ್ಯಾಹ್ನ ದಿನಗೂಲಿ ಕಟ್ಟುವವರಿಗೆ ಅದು ಜೂಜೇ. ಟಿಪ್ಸ್ ಅಂಕಣ ಮೊದಲನೆಯವರ ಗೌರವವನ್ನು ಎರಡನೆಯವರಿಗೆ ಬಾಡಿಗೆಗೆ ಕೊಡುತ್ತದೆ.

ಕೊನೆಯದಾಗಿ ಕುದುರೆಯ ಮಾತು. 2012ರ ಮಾರ್ಚ್‌ನಲ್ಲಿ ಗೋಲ್ಡ್ ಕಪ್ ಗೆದ್ದ ಸಿಂಕ್ರನೈಸ್ಡ್ ಮರುತಿಂಗಳೇ ಗ್ರ್ಯಾಂಡ್ ನ್ಯಾಷನಲ್ ಓಡಿತು. ಬೀಚರ್ಸ್ ಬ್ರೂಕ್ ಬೇಲಿಯಲ್ಲಿ ಬಿದ್ದು, ಎದ್ದು, ಸವಾರನಿಲ್ಲದೆ ಓಡುತ್ತಲೇ ಹೋಗಿ, ಮುಂದಿನ ಬೇಲಿಗಳಲ್ಲೊಂದನ್ನು ಹಾರುವಾಗ ಕಾಲು ಮುರಿದುಕೊಂಡು ಸತ್ತಿತು. ಅದೇ ಓಟದಲ್ಲಿ ಇನ್ನೊಂದು ಕುದುರೆಯೂ ಸತ್ತಿತು. ಫಾರ್ಮಿನಲ್ಲಿ ಇದಕ್ಕೆ ಬೇರೆ ಅಕ್ಷರ ಇಲ್ಲ, ಅದೇ ‘ಎಫ್’, ಆಮೇಲೆ ಸಾಲು ಮುಂದುವರಿಯುವುದಿಲ್ಲ. 2013ರಲ್ಲಿ ಅಲ್ಲಿನ ಬೇಲಿಗಳೊಳಗಿನ ಮರದ ಚೌಕಟ್ಟು ತೆಗೆದು ಬಾಗುವ ಪ್ಲಾಸ್ಟಿಕ್ ಹಾಕಿದರು. 2024ರಿಂದ ಓಡುವ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು, ಮೊದಲ ಬೇಲಿಯನ್ನು ಆರಂಭದ ಗೆರೆಗೆ ಹತ್ತಿರ ತಂದರು. ಇವೆಲ್ಲ ಆದದ್ದು ಬಿದ್ದವುಗಳ ಲೆಕ್ಕ ಇಟ್ಟು ಗಟ್ಟಿಯಾಗಿ ಕೇಳಿದವರಿಂದ. ಗೆಲ್ಲುವ ಹೆಸರನ್ನಷ್ಟೇ ಹುಡುಕುವ ಕಣ್ಣಿಗೆ ಇದು ಕಾಣುತ್ತಿರಲಿಲ್ಲ.

ಆದ್ದರಿಂದ ಯಾರಾದರೂ ನಿಮಗೆ ಒಂದು ಹೆಸರು ಕೊಟ್ಟರೆ, ಅದು ಕುದುರೆಯದಿರಲಿ, ಕ್ರಿಕೆಟ್ ತಂಡದ್ದಿರಲಿ, ಷೇರಿನದಿರಲಿ, ಮೂರು ಪ್ರಶ್ನೆ ಕೇಳಿ. ನೂರರಲ್ಲಿ ಎಷ್ಟು ಸಲ ಹೀಗಾಗುತ್ತದೆ? ಯಾವುದು ಬದಲಾದರೆ ನಿಮ್ಮ ಮಾತು ಬದಲಾಗುತ್ತದೆ? ಇದುವರೆಗಿನ ನಿಮ್ಮ ಲೆಕ್ಕ ಎಲ್ಲಿದೆ? ಮೂರಕ್ಕೂ ಉತ್ತರ ಇದ್ದರೆ ಕೂತು ಕೇಳಿ, ಕಲಿಯಲು ಇದೆ. ಇಲ್ಲದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.