ರೆಕ್ಕೆಯೊಳಗಿನ ಪೀಪಿ

ಕಲಬುರಗಿಯ ಶ್ರೀನಿವಾಸ ಸರಡಗಿ ಹತ್ತಿರ 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಎರಡು ವರ್ಷದ ಮೇಲೆ, ಪೈಲಟ್ ತರಬೇತಿ ಶಾಲೆಗಳಿಗೆಂದು ಕೇಂದ್ರದವರು ಆರಿಸಿದ ಐದು ನಿಲ್ದಾಣಗಳಲ್ಲಿ ನಮ್ಮ ಕಲಬುರಗಿಯೂ ಒಂದು, ಬೆಳಗಾವಿಯೂ ಒಂದು. ಅಂದಿನಿಂದ ನಮ್ಮ ಕಡೆ ಆಕಾಶ ನೋಡುವ ಚಟ ಹೆಚ್ಚಾಗಿದೆ. ವಾಡಿಯಲ್ಲಿ ಮೊದಲು ತಲೆ ಎತ್ತಿದರೆ ಕಾಣುತ್ತಿದ್ದುದು ಸಿಮೆಂಟ್ ಕಾರ್ಖಾನೆಯ ಚಿಮಣಿ ಒಂದೇ. ಈಗ ಎಂದಾದರೊಮ್ಮೆ ಜೀರುಂಡೆಯಂತೆ ಗುಂಯ್‌ಗುಡುವ ಸಣ್ಣ ವಿಮಾನವೂ ಕಾಣುತ್ತದೆ.

ಮೊನ್ನೆ ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಅಂಥದೊಂದು ವಿಮಾನದ ಸದ್ದು ಇದ್ದಕ್ಕಿದ್ದಂತೆ ಇಳಿಯಿತು. ಮೂತಿ ಮೇಲೆತ್ತಿತು, ಒಂದು ಕ್ಷಣ ನಿಂತಂತಾಯಿತು, ಆಮೇಲೆ ಮೂತಿ ಕೆಳಗೆ ಹಾಕಿ ಜಾರಿತು. ಮತ್ತೆ ಗುಂಯ್ ಎಂದು ಮುಂದೆ ಹೋಯಿತು. ಪಕ್ಕದ ಮನೆಯ ಹುಡುಗ ಓಡಿ ಬಂದ. "ಮುತ್ಯಾ, ಅದರ ಇಂಜಿನ್ ಬಂದ್ ಬಿತ್ತು!" ನನ್ನ ಜೊತೆ ಕೂತಿದ್ದ ನಿವೃತ್ತ ರೈಲ್ವೆಯವರೂ "ಹೌದು, ಎಣ್ಣಿ ತೀರಿರಬೇಕು" ಎಂದು ತೀರ್ಪು ಕೊಟ್ಟುಬಿಟ್ಟರು.

ಇಂಜಿನ್‌ಗೆ ಏನೂ ಆಗಿರಲಿಲ್ಲ ಮಕ್ಕಳೇ. ಅದೊಂದು ಪಾಠ. ಅದರ ಹೆಸರು ಸ್ಟಾಲ್. ಮೋಟರ್ ಸೈಕಲ್ಲು ನಿಂತರೂ ಸ್ಟಾಲ್ ಅನ್ನುತ್ತಾರೆ, ಅದಕ್ಕೇ ಈ ಗೊಂದಲ. ವಿಮಾನದಲ್ಲಿ ಸ್ಟಾಲ್ ಆಗುವುದು ಇಂಜಿನ್ ಅಲ್ಲ, ರೆಕ್ಕೆ. ಇಂಜಿನ್ ಪೂರ್ತಿ ಜೋರಿನಲ್ಲಿ ಓಡುತ್ತಿದ್ದರೂ ರೆಕ್ಕೆ ಸ್ಟಾಲ್ ಆಗಬಹುದು. ಇಂಜಿನ್ ನಿಂತೇ ಹೋದರೂ ಮೂತಿ ತಗ್ಗಿಸಿಕೊಂಡರೆ ರೆಕ್ಕೆ ತನ್ನ ಕೆಲಸ ಮಾಡುತ್ತಾ ವಿಮಾನವನ್ನು ತೇಲಿಸಿಕೊಂಡು ಹೋಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟನ್ನು ಅಂಗೈ ಅಗಲ ಕತ್ತರಿಸಿ, ಬೆನ್ನು ಸ್ವಲ್ಪ ಉಬ್ಬುವಂತೆ ಬಾಗಿಸಿ. ಉಬ್ಬಿದ ಮೈಮೇಲೆ ಬೆರಳುದ್ದದ ನಾಲ್ಕು ಹೊಲಿಗೆ ದಾರ ಅಂಟಿಸಿ. ಅಜ್ಜನೋ ಅಜ್ಜಿಯೋ ಪಕ್ಕದಲ್ಲಿರುವಾಗ ಟೇಬಲ್ ಫ್ಯಾನಿನ ಮುಂದೆ, ಜಾಲರಿಯಿಂದ ದೂರದಲ್ಲಿ ಹಿಡಿಯಿರಿ. ಗಾಳಿಗೆ ಎದುರಾದ ಅಂಚನ್ನು ಸ್ವಲ್ಪವೇ ಎತ್ತಿದಾಗ ದಾರಗಳು ರಟ್ಟಿಗೆ ಅಂಟಿಕೊಂಡಂತೆ ನೆಟ್ಟಗೆ ಮಲಗಿರುತ್ತವೆ, ರಟ್ಟು ಕೈಯನ್ನು ಮೇಲಕ್ಕೆ ಎಳೆಯುತ್ತದೆ. ಇನ್ನಷ್ಟು, ಇನ್ನಷ್ಟು ಎತ್ತುತ್ತಾ ಹೋಗಿ. ಒಂದು ಹಂತದಲ್ಲಿ ದಾರಗಳು ಎದ್ದು ದಿಕ್ಕಾಪಾಲಾಗಿ ಕುಣಿಯತೊಡಗುತ್ತವೆ. ಗಾಳಿ ರೆಕ್ಕೆಯ ಬೆನ್ನು ಬಿಟ್ಟಿತು ಅಂತ ಅರ್ಥ. ಈಗ ರಟ್ಟು ಮೇಲೆತ್ತುವುದಕ್ಕಿಂತ ಹಿಂದಕ್ಕೆ ನೂಕುವುದೇ ಹೆಚ್ಚು. ಸ್ಟಾಲ್ ಅಂದರೆ ಇಷ್ಟೇ.

ಸಣ್ಣ ವಿಮಾನಗಳಲ್ಲಿ ಎದುರುಗಾಳಿಗೂ ರೆಕ್ಕೆಗೂ ನಡುವಿನ ಕೋನ ಸುಮಾರು 15-16 ಡಿಗ್ರಿ ದಾಟಿದರೆ ಹೀಗಾಗುತ್ತದೆ. ವೇಗ ಕಡಿಮೆಯಾದಷ್ಟೂ ಅದೇ ತೂಕ ಹೊರಲು ರೆಕ್ಕೆ ಹೆಚ್ಚು ಕೋನ ಕೇಳುತ್ತದೆ. ಕೇಳುತ್ತಾ ಕೇಳುತ್ತಾ ಗಡಿ ಮುಟ್ಟುತ್ತದೆ. ಕಾಗೆ ಗೋಡೆಯ ಮೇಲೆ ಇಳಿಯುವಾಗ ಗಮನಿಸಿ. ಕೊನೆಯ ಗಳಿಗೆಯಲ್ಲಿ ರೆಕ್ಕೆಗಳನ್ನು ಗಾಳಿಗೆ ಅಡ್ಡ ಎತ್ತಿ, ಬೇಕೆಂದೇ ಸ್ಟಾಲ್ ಮಾಡಿಕೊಂಡು ಧಪ್ಪನೆ ಕೂರುತ್ತದೆ. ಗೋಡೆಗೆ ಒಂದು ಗೇಣು ಮೇಲೆ ಮಾಡಿದರೆ ಅದು ಇಳಿಯುವುದು. ಅಂತಸ್ತುಗಟ್ಟಲೆ ಮೇಲೆ ಮಾಡಿದರೆ ಬೀಳುವುದು.

ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172 ವಿಮಾನದಲ್ಲಿ ಎಚ್ಚರಿಕೆಗೆ ಒಂದು ಏರ್ಪಾಡಿದೆ. ಅದನ್ನು ಓದಿದ ದಿನ ನಾನು ಬಹಳ ಖುಷಿಪಟ್ಟೆ. ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ತೂತು. ಸ್ಟಾಲ್ ಹತ್ತಿರ ಬಂದಾಗ ಅಲ್ಲಿ ಗಾಳಿಯ ಒತ್ತಡ ಇಳಿದು, ತೂತು ಒಳಗಿನಿಂದ ಗಾಳಿ ಹೀರುತ್ತದೆ. ಆ ಹೀರುವ ಗಾಳಿ ಒಂದು ರೀಡಿನ ಮೂಲಕ ಹಾದು ಪೀಪಿಯಂತೆ ಕೂಗುತ್ತದೆ. ಹೌದು, ಭಜನೆಯ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಇರುತ್ತದಲ್ಲ, ಅಂಥದೇ ರೀಡು! ಕರೆಂಟಿಲ್ಲ, ಕಂಪ್ಯೂಟರಿಲ್ಲ. ರೆಕ್ಕೆ ತಾನೇ ಬಾಯಿಬಿಟ್ಟು "ಸಾಕು" ಅನ್ನುತ್ತದೆ.

ಆಗ ಪೈಲಟ್ ಏನು ಮಾಡಬೇಕು? ಮೂತಿಯನ್ನು ಕೆಳಗೆ ಹಾಕಬೇಕು. ಬೀಳುತ್ತಿರುವಾಗ ಇನ್ನೂ ಕೆಳಗೆ! ಮನುಷ್ಯನ ಕೈ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಭಯವಾದಾಗ ಎಳೆದುಕೊಳ್ಳುವುದೇ ಅದರ ಗುಣ. ಆ ಗುಣ ಬಿಡಿಸಲೆಂದೇ ಪಾಠವನ್ನು ಮತ್ತೆ ಮತ್ತೆ ಮಾಡಿಸುವುದು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರ್ ಬರೆದವನು ನಾನು, ನನಗೆ ಇದು ಹೀಗೆ ಕಾಣುತ್ತದೆ: ವೇಗ ಅಂದರೆ ಕೈಯಲ್ಲಿರುವ ನಗದು, ಎತ್ತರ ಅಂದರೆ ಎಫ್‌ಡಿ. ನಗದು ತೀರಿದಾಗ ಎಫ್‌ಡಿ ಮುರಿದು ನಗದು ಮಾಡಿಕೊಳ್ಳಬಹುದು. ಎಫ್‌ಡಿಯೂ ಇಲ್ಲದಿದ್ದರೆ ಕೌಂಟರಿನಲ್ಲಿ ಯಾರೂ ಏನೂ ಮಾಡುವಂತಿಲ್ಲ.

ಇನ್ನು ಸ್ಪಿನ್. ಸ್ಟಾಲ್ ಆದ ಹೊತ್ತಿಗೆ ವಿಮಾನ ಒಂದು ಕಡೆ ತಿರುಗಿಕೊಂಡಿದ್ದರೆ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸ್ಟಾಲ್ ಆಗಿ ಕುಸಿಯುತ್ತದೆ. ಕುಸಿದಷ್ಟೂ ಅದರ ಕೋನ ಹೆಚ್ಚುತ್ತದೆ, ಕೋನ ಹೆಚ್ಚಿದಷ್ಟೂ ಇನ್ನೂ ಕುಸಿಯುತ್ತದೆ. ಹೀಗೆ ಬುಗುರಿಯಂತೆ ಗಿರಗಿರನೆ ಸುತ್ತುತ್ತಾ ಇಳಿಯುವುದೇ ಸ್ಪಿನ್.

ವಿಮಾನ ಬಂದ ಮೊದಲ ವರ್ಷಗಳಲ್ಲಿ ಇದರೊಳಗೆ ಸಿಕ್ಕವರು ಬದುಕಿ ಬರುತ್ತಿದ್ದುದೇ ಅಪರೂಪ. 1912ರ ಆಗಸ್ಟ್ 25ರಂದು ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನ ಮೇಲೆ ವಿಲ್‌ಫ್ರೆಡ್ ಪಾರ್ಕ್ ಎಂಬ ನೌಕಾಪಡೆಯ ಅಧಿಕಾರಿ ಒಂದು ಆವ್ರೋ ವಿಮಾನದಲ್ಲಿ ಸ್ಪಿನ್‌ಗೆ ಸಿಕ್ಕ. ಜೊತೆಗೆ ಇನ್ನೊಬ್ಬರು ಇದ್ದರು. ಪಾರ್ಕ್ ಕೋಲು ಎಳೆದ, ತಿರುಗುತ್ತಿದ್ದ ಕಡೆಗೇ ಚುಕ್ಕಾಣಿ ಒತ್ತಿದ. ಯಾವುದೂ ಕೆಲಸ ಮಾಡಲಿಲ್ಲ. ನೆಲ ಇನ್ನೇನು ಬಂತು ಎನ್ನುವಾಗ ಕೊನೆಯ ಯತ್ನವಾಗಿ ಚುಕ್ಕಾಣಿಯನ್ನು ಪೂರ್ತಿ ವಿರುದ್ಧ ದಿಕ್ಕಿಗೆ ಒತ್ತಿದ. ಸುತ್ತುವುದು ನಿಂತಿತು! ಆಗ ನೆಲಕ್ಕೂ ಅವನಿಗೂ ಉಳಿದಿದ್ದುದು ಸುಮಾರು 50 ಅಡಿ. ಕೆಳಗೆ ನಿಂತು ನೋಡಿದವರು ಬಹಳ ಮಂದಿ ಇದ್ದುದರಿಂದ, ಅವನು ಏನೇನು ಮಾಡಿದ ಎಂಬುದು ದಾಖಲಾಗಿ ಉಳಿದವರಿಗೆ ಪಾಠವಾಯಿತು. ಪಾಪ, ಅದೇ ವರ್ಷ ಡಿಸೆಂಬರಿನಲ್ಲಿ ಇನ್ನೊಂದು ವಿಮಾನ ಬಿದ್ದು ಅವನು ತೀರಿಕೊಂಡ.

ಇಂದಿಗೂ ಪಾಠ ಹೆಚ್ಚುಕಡಿಮೆ ಅದೇ. ಇಂಜಿನ್ ತಗ್ಗಿಸು, ರೆಕ್ಕೆಯ ತುದಿಯ ಪಟ್ಟಿಗಳನ್ನು ನಡುವಿಗೆ ತಾ, ಸುತ್ತುವ ದಿಕ್ಕಿಗೆ ವಿರುದ್ಧ ಪೆಡಲನ್ನು ಪೂರ್ತಿ ತುಳಿ, ಕೋಲನ್ನು ಮುಂದಕ್ಕೆ ನೂಕು. ಸುತ್ತು ನಿಂತೊಡನೆ ಪೆಡಲ್ ನೆಟ್ಟಗೆ ಮಾಡಿ ಮೆಲ್ಲಗೆ ಮೇಲೆಳೆ. ವಿಮಾನದಿಂದ ವಿಮಾನಕ್ಕೆ ಸ್ವಲ್ಪ ವ್ಯತ್ಯಾಸ ಇರುವುದರಿಂದ ಅದರದರ ಕೈಪಿಡಿ ಹೇಳಿದ್ದೇ ಅಂತಿಮ.

ಈ ಪಾಠವನ್ನು ಎಲ್ಲರಿಗೂ ಮಾಡಿಸಬೇಕೇ? ಅಮೆರಿಕದಲ್ಲಿ 1949ರವರೆಗೆ ಖಾಸಗಿ ಪೈಲಟ್ ಆಗುವವರು ಸ್ಪಿನ್ ಮಾಡಿ ತೋರಿಸಲೇಬೇಕಿತ್ತು. ಆಮೇಲೆ ಅದನ್ನು ಕೈಬಿಟ್ಟು, ಸ್ಟಾಲ್ ಗುರುತಿಸಿ ತಪ್ಪಿಸಿಕೊಳ್ಳುವುದಕ್ಕೆ ಒತ್ತು ಕೊಟ್ಟರು. ಕಲಿಸುವ ಶಿಕ್ಷಕರಿಗೆ ಮಾತ್ರ ಸ್ಪಿನ್ ಇಂದಿಗೂ ಕಡ್ಡಾಯ. ಈ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಒಮ್ಮೆಯಾದರೂ ಶಿಕ್ಷಕರ ಜೊತೆ ನೋಡಿರಲಿ ಎಂದು ನನಗನ್ನಿಸುತ್ತದೆ. ನೀರಿಗೇ ಇಳಿಯದವನಿಗೆ ಈಜಿನ ಮಾತು ಎಷ್ಟು ಹೇಳಿದರೇನು? ಆದರೆ ಲೆಕ್ಕ ಹಾಕಿದಾಗ ಎದುರು ಪಕ್ಷದ ಮಾತಿಗೂ ತೂಕ ಇದೆ.

ಲೆಕ್ಕ ನೋಡಿ. ಸೆಸ್ನಾ 172 ಒಂದು ಸುತ್ತು ಸ್ಪಿನ್ ಆಗಿ ಚೇತರಿಸಿಕೊಳ್ಳಲು ಸುಮಾರು 1000 ಅಡಿ ಎತ್ತರ ಕಳೆದುಕೊಳ್ಳುತ್ತದೆ. ಇಳಿಯುವ ಮೊದಲು ಸಣ್ಣ ವಿಮಾನಗಳು ನಿಲ್ದಾಣದ ಸುತ್ತ ಹಾರುವುದೂ ಸುಮಾರು 1000 ಅಡಿಯಲ್ಲೇ. ಕೊನೆಯ ತಿರುವಿನಲ್ಲಿ ಅದಕ್ಕಿಂತಲೂ ಕೆಳಗೆ. ಅಲ್ಲಿ ಸ್ಪಿನ್ ಆದರೆ ಎಷ್ಟು ಜಾಣನಾದರೂ ಜಮಾ-ಖರ್ಚು ಹೊಂದುವುದಿಲ್ಲ. ಜೀವ ಹೋಗುವ ಜಾಗವೂ ಬಹುಮಟ್ಟಿಗೆ ಅದೇ. ರನ್‌ವೇ ಎದುರಿಗೆ ಬರಬೇಕಾದ ತಿರುವು ತಪ್ಪಿತು ಅನ್ನಿಸಿದಾಗ ಪೈಲಟ್ ಹೆಚ್ಚು ವಾಲಿಸಿ, ಕೋಲು ಎಳೆದು, ಪೆಡಲಿನಿಂದಲೂ ಮೂತಿ ತಳ್ಳಲು ನೋಡುತ್ತಾನೆ.

ವಾಲಿಸಿದರೆ ಏನಾಗುತ್ತದೆ? ದೊಡ್ಡ ತರಗತಿಯ ಮಕ್ಕಳು ತಾಳೆ ನೋಡಬಹುದು. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಎರಡು ಪಟ್ಟು ತೂಕ ಹೊರಬೇಕು. ಸ್ಟಾಲ್ ಆಗುವ ವೇಗ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ಏರುತ್ತದೆ. ನೆಟ್ಟಗೆ ಹಾರುವಾಗ ಗಂಟೆಗೆ 90 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನ ಈಗ 127ಕ್ಕೇ ಸ್ಟಾಲ್! 45 ಡಿಗ್ರಿಗೆ 107. 30 ಡಿಗ್ರಿಗೆ 97 ಮಾತ್ರ. ಅದಕ್ಕೇ ಇಳಿಯುವಾಗ ಹೆಚ್ಚು ವಾಲಿಸಬೇಡ, ತಿರುವು ತಪ್ಪಿದರೆ ಮೇಲೆ ಹೋಗಿ ಇನ್ನೊಂದು ಸುತ್ತು ಬಾ ಅನ್ನುತ್ತಾರೆ.

ವಿಮಾನ ಕಟ್ಟುವವರಿಗೂ ಸ್ಪಿನ್ ಸುಲಭವಾಗಿ ಬಗ್ಗುವುದಿಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಸಿತಾರಾ ಎಂಬ ತರಬೇತಿ ಜೆಟ್ ಮೊದಲು ಹಾರಿದ್ದು 2003ರ ಮಾರ್ಚಿನಲ್ಲಿ. ವಾಯುಪಡೆಯ ಹಳೆಯ ಕಿರಣ್ ವಿಮಾನಗಳ ಜಾಗಕ್ಕೆ ಬರಬೇಕಾಗಿದ್ದ ವಿಮಾನ ಅದು. ನಮ್ಮ ನೆರೆಯ ಬೀದರದ ಜನಕ್ಕೆ ಸೂರ್ಯಕಿರಣ ತಂಡದಿಂದಾಗಿ ಕಿರಣ್ ಚೆನ್ನಾಗಿ ಗೊತ್ತು. ಸಿತಾರಾ ಹಾರಿತು, ಆದರೆ ಸ್ಟಾಲ್ ಮತ್ತು ಸ್ಪಿನ್ ಪರೀಕ್ಷೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕಡೆಗೆ ಬಾಲದ ನೆಟ್ಟನೆಯ ರೆಕ್ಕೆಯನ್ನು ಹಿಂದಕ್ಕೆ ಸರಿಸಿ ಹೊಸದಾಗಿ ಜೋಡಿಸಿದರು. ಸ್ಪಿನ್ ನಿಲ್ಲದೇ ಹೋದರೆ ಬಿಚ್ಚಲೆಂದು ಪರೀಕ್ಷಾ ವಿಮಾನದ ಬಾಲಕ್ಕೆ ಒಂದು ಪ್ಯಾರಾಚೂಟ್ ಕಟ್ಟಿದರು. 2019ರ ಏಪ್ರಿಲಿನಲ್ಲಿ ಅದು ಮತ್ತೆ ಹಾರಿತು. ಎಡಕ್ಕೆ ಆರು ಸುತ್ತು, ಬಲಕ್ಕೆ ಆರು ಸುತ್ತು ತಿರುಗಿ ಕ್ಷೇಮವಾಗಿ ಹೊರಬಂತು ಎಂಬ ಸುದ್ದಿ ಪೇಪರಿನಲ್ಲಿ ಬಂದದ್ದು 2022ರ ಜನವರಿಯಲ್ಲಿ. ಮೊದಲ ಹಾರಾಟದ ದಿನ ಹುಟ್ಟಿದ ಮಗು ಅಷ್ಟರಲ್ಲಿ ಕಾಲೇಜು ಸೇರಿತ್ತು.

ನಮ್ಮ ಓಣಿಯ ಒಬ್ಬ ಅಜ್ಜಿಗೆ ಈ ವಿಷಯದಲ್ಲಿ ನಿದ್ದೆಯಿಲ್ಲ. ಮೊಮ್ಮಗಳು ಪೈಲಟ್ ಆಗುತ್ತೇನೆಂದು ಹಟ ಹಿಡಿದಿದ್ದಾಳೆ. "ಬೀಳೂದು ಕಲಸ್ತಾರಂತ್ರಿ ಅಲ್ಲಿ, ಫೀಸ್ ತಗೊಂಡು!" ಎಂದು ನನ್ನ ಹತ್ತಿರ ಬಂದರು. ನಾನು ಮೇಲಿನದನ್ನೆಲ್ಲ ಹೇಳಲಿಲ್ಲ. ಮೊಮ್ಮಗಳು ಯಾವ ಶಾಲೆಗೆ ಸೇರಿದರೂ ಸೇರುವ ಮೊದಲು ಹೋಗಿ ಕೇಳಬೇಕಾದ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಈ ಪಾಠವನ್ನು ನೆಲದಿಂದ ಎಷ್ಟು ಅಡಿ ಮೇಲೆ ಶುರು ಮಾಡುತ್ತೀರಿ? ನಿಮ್ಮ ವಿಮಾನದ ಕೈಪಿಡಿ ಸ್ಪಿನ್‌ಗೆ ಒಪ್ಪುತ್ತದೆಯೇ? ಆ ದಿನ ಹಿಂದಿನ ಸೀಟು ಖಾಲಿ ಇರುತ್ತದೆಯೇ, ತೂಕದ ಲೆಕ್ಕ ಬರೆದಿಡುತ್ತೀರೇ? ಕಲಿಸುವವರು ಇತ್ತೀಚೆಗೆ ತಾವೇ ಮಾಡಿದ್ದು ಯಾವಾಗ?

ಹಿಂದಿನ ಸೀಟಿನ ಮಾತು ಏಕೆಂದರೆ, ಭಾರ ಹಿಂದಕ್ಕೆ ಸರಿದಷ್ಟೂ ಸ್ಪಿನ್ ಬಿಡಿಸುವುದು ಕಷ್ಟ. ಅಜ್ಜಿ ಚೀಟಿಯನ್ನು ಎರಡು ಸಲ ಓದಿಸಿಕೊಂಡು, ಸೆರಗಿಗೆ ಗಂಟು ಹಾಕಿ, "ಐದನೇದು ನಾನೇ ಕೇಳ್ತೀನಿ" ಅಂದರು. ಏನೆಂದು ಕೇಳಿದೆ.

"ಅಂಜಿಕಿ ಆತಂದ್ರ 'ಇವತ್ತ್ ಬ್ಯಾಡ' ಅನ್ಲಿಕ್ಕೆ ಹುಡುಗಿಗಿ ಬಿಡ್ತಾರೇನು ಅಂತ."