ತುರಿಕೆ ನಿಂತರೆ ಗಜಕರ್ಣ ಹೋದಂಗಲ್ಲ: ಚೀಟಿ ಇಲ್ಲದ ಟ್ಯೂಬ್ ತರುವ ಸಂಕಟ

ಬಳ್ಳಾರಿ: ತೊಡೆಸಂದಿಯಲ್ಲಿ ತುರಿಕೆ ಶುರುವಾದರೆ ಬಹಳ ಮಂದಿ ಮೊದಲು ಹೋಗೋದು ಡಾಕ್ಟರ್ ಹತ್ತಿರ ಅಲ್ಲ, ಮೆಡಿಕಲ್ ಶಾಪ್‌ಗೆ. 'ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡು' ಅಂದರೆ ಮುಗೀತು.

ಸಿರುಗುಪ್ಪದಲ್ಲಿ ಭತ್ತದ ಗದ್ದೆಯ ಕೆಸರು, ಕುರುಗೋಡಿನಲ್ಲಿ ಬಿರುಬಿಸಿಲಿನ ಹೊಲಗೆಲಸ, ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆ ಘಟಕಗಳ ಸೆಕೆ. ಕೆಲಸ ಬೇರೆ ಬೇರೆ, ಬೆವರು ಒಂದೇ. ಒದ್ದೆ ಮೈ, ಬಿಗಿ ಬಟ್ಟೆ ಸಿಕ್ಕರೆ ಗಜಕರ್ಣದ ಶಿಲೀಂಧ್ರಕ್ಕೆ ಅಷ್ಟೇ ಸಾಕು.

ತೊಂದರೆ ಇರೋದು ಟ್ಯೂಬ್‌ನ ಒಳಗೆ. ಅನೇಕ ಮಿಶ್ರಣದ ಮುಲಾಮುಗಳಲ್ಲಿ ಶಿಲೀಂಧ್ರ ಕೊಲ್ಲುವ ಔಷಧಿಯ ಜೊತೆ ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಎರಡೇ ದಿನದಲ್ಲಿ ಉರಿ, ತುರಿಕೆ ತಗ್ಗಿಸುತ್ತದೆ. ಆದರೆ ಚರ್ಮದ ರಕ್ಷಣಾ ಶಕ್ತಿಯನ್ನೂ ತಗ್ಗಿಸುವುದರಿಂದ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಹಚ್ಚೋದು ಬಿಟ್ಟರೆ ಇನ್ನೂ ಜೋರಾಗಿ ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬರೆ ಬೀಳುತ್ತದೆ. ಆ ಬರೆ ಪೂರ್ತಿ ಮಾಯೋದಿಲ್ಲ.

ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನಿಯಮ ಕಾಗದದ ಮೇಲಿದೆ, ಚೀಟಿ ಕೇಳುವ ರೂಢಿ ಮಾತ್ರ ಇನ್ನೂ ಗಟ್ಟಿಯಾಗಿಲ್ಲ.

ಇನ್ನೊಂದು ಪೆಟ್ಟು ಗುಳಿಗೆಯದು. ಟರ್ಬಿನಾಫಿನ್‌ಗೆ ಬಗ್ಗದ ಶಿಲೀಂಧ್ರ ಈಗ ಭಾರತದಲ್ಲಿ ವ್ಯಾಪಕವಾಗಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಡಲಾಯಿತು; ಹೆಸರಿನಲ್ಲೇ ಇಂಡಿಯಾ ಇದೆ. 2023ರಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲೂ ಪತ್ತೆಯಾಯಿತು. ಇಂಥ ಸೋಂಕಿಗೆ ವೈದ್ಯರು ಹೆಚ್ಚಾಗಿ ಇಟ್ರಾಕೊನಜೋಲ್ ಬರೆಯುತ್ತಾರೆ. ಹೃದಯ ದುರ್ಬಲ ಇದ್ದವರು, ಲಿವರ್ ತೊಂದರೆ ಇದ್ದವರು, ಗರ್ಭಿಣಿಯರು ಅದನ್ನು ಸ್ವಂತಕ್ಕೆ ನುಂಗುವಂತಿಲ್ಲ.

ಹಾಗಂತ ಜನರನ್ನಷ್ಟೇ ಬೈದು ಪ್ರಯೋಜನವಿಲ್ಲ. ಹಳ್ಳಿಯಿಂದ ಬಳ್ಳಾರಿಯ ಚರ್ಮರೋಗ ವೈದ್ಯರ ಹತ್ತಿರ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಟ್ಯೂಬ್ ಅದಕ್ಕಿಂತ ಅಗ್ಗ. ತಾಲ್ಲೂಕು ಮಟ್ಟದಲ್ಲೇ ಚರ್ಮರೋಗ ತಪಾಸಣೆ ನಿಗದಿತ ದಿನ ಸಿಗಬೇಕು, ಔಷಧ ನಿಯಂತ್ರಣ ಇಲಾಖೆ ಅಂಗಡಿಗಳ ಮೇಲೆ ಕಣ್ಣಿಡಬೇಕು. ಎರಡೂ ಒಟ್ಟಿಗೆ ಆಗದಿದ್ದರೆ ನಿಯಮ ಬಡವನ ಮೇಲಷ್ಟೇ ಬೀಳುತ್ತದೆ.

ಅಲ್ಲಿವರೆಗೆ ಮನೆಯಲ್ಲಿ ಮಾಡಬಹುದಾದ್ದು: ಟವೆಲ್, ಒಳಉಡುಪು ಹಂಚಿಕೊಳ್ಳಬೇಡಿ. ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ಯಾರ್‍ಯಾರಿಗೆ ಇದೆಯೋ ಎಲ್ಲರೂ ಒಟ್ಟಿಗೇ ತೋರಿಸಿ. ಕಲೆ ಮಾಸಿತು ಅಂತ ಔಷಧಿ ನಡುವೆ ಬಿಡಬೇಡಿ, ವೈದ್ಯರು ಹೇಳಿದಷ್ಟು ದಿನ ಮುಗಿಸಿ.