ದಿನಚರಿಯಲ್ಲಿ ದೇವರ ಸನ್ನಿಧಿ

ನಮ್ಮ ನುಡಿಯಲ್ಲಿ ‘ಭಯಭಕ್ತಿ’ ಎಂಬುದೊಂದು ಮಾತುಂಟು. ಎರಡು ಪದಗಳು ಕೂಡಿ ಒಂದಾದ ಈ ಮಾತನ್ನು ನಮ್ಮ ಹಿರಿಯರು ಬಿಡಿಸಿ ನುಡಿದವರಲ್ಲ. ಭಕ್ತಿಯಿಲ್ಲದ ಭಯವು ಕೂಲಿಯಾಳಿನದು. ಒಡೆಯನು ಮರೆಯಾದೊಡನೆ ಅದೂ ಮಾಯವಾಗುವುದು. ಭಯವಿಲ್ಲದ ಭಕ್ತಿಯಾದರೋ ಬರಿಯ ಸಲಿಗೆಯಾಗಿ ಕೆಡುವುದು. ತಾಯಿಯನ್ನು ಬಹಳವಾಗಿ ಪ್ರೀತಿಸುವ ಮಗುವೇ ಆಕೆಯ ಮನಸ್ಸು ನೊಂದೀತೆಂದು ಬಹಳವಾಗಿ ಅಂಜುವುದು. ದೇವರ ವಿಷಯದಲ್ಲಿಯೂ ನಾವು ಬಯಸಬೇಕಾದುದು ಇಂಥ ಅಂಜಿಕೆಯನ್ನೇ.

ಈ ಶಾಲೆಯ ಅಂಗಳದಲ್ಲಿ ಬೆಳಗಿನ ಗಂಟೆ ಬಾರಿಸಿದೊಡನೆ ಕೈಜೋಡಿಸಿ, ಕಣ್ಣು ಮುಚ್ಚಿ, ಸಾಲಾಗಿ ನಿಂತ ನಾವು ಇಂದು ಗೃಹಿಣಿಯರು, ಉಪಾಧ್ಯಾಯಿನಿಯರು, ದಾದಿಯರು, ಕಚೇರಿಯ ನೌಕರರು ಆಗಿದ್ದೇವೆ. ಅಂದು ಗಂಟೆಯೇ ನಮ್ಮನ್ನು ದೇವರ ಸನ್ನಿಧಿಗೆ ಕರೆಯುತ್ತಿತ್ತು. ಈಗ ನಮ್ಮನ್ನು ಕರೆಯುವ ಗಂಟೆ ಯಾವುದು? ಈ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಂದೆತಾಯಿಗಳ ಮುಂದೆಯೂ ಇಡುವುದೇ ಈ ಬರೆಹದ ಉದ್ದೇಶ.

ನಮ್ಮ ಊರಿನ ಉತ್ತರ ಭಾಗವು ಬಹಳ ಬದಲಾಗಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ತರುವಾಯ ಬಳ್ಳಾರಿ ರಸ್ತೆಯ ಸ್ವರೂಪವೇ ಬೇರೆಯಾಯಿತು. ದ್ರಾಕ್ಷಿಯ ತೋಟಗಳಿದ್ದ ಕಡೆಗಳಲ್ಲಿ ಬಹುಮಹಡಿಯ ಮನೆಗಳು ಎದ್ದಿವೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ಸಂಜೆಯ ಹೊತ್ತು ವಾಹನಗಳು ನಿಂತಲ್ಲೇ ನಿಲ್ಲುವುವು. ತಂದೆಯು ಮನೆ ಸೇರುವಾಗ ಮಗುವು ನಿದ್ದೆಹೋಗಿರುತ್ತದೆ. ತಾಯಿಯು ಅಡಿಗೆಯ ಮನೆಯಲ್ಲಿ, ಮಗಳು ತನ್ನ ಕೋಣೆಯಲ್ಲಿ, ಮಗನು ಮೊಬೈಲಿನ ಬೆಳಕಿನಲ್ಲಿ. ಹೀಗಿರಲು, ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಕುಳಿತು ಪ್ರಾರ್ಥಿಸುತ್ತಿದ್ದ ಪದ್ಧತಿಯು ಸದ್ದಿಲ್ಲದೆ ಜಾರಿಹೋಗುತ್ತಿದೆ. ಯಾರೂ ಅದನ್ನು ಬೇಡವೆಂದು ತಳ್ಳಿದವರಲ್ಲ. ‘ಇಂದು ತಡವಾಯಿತು, ನಾಳೆ ಆಗಲಿ’ ಎಂದವರೇ ಎಲ್ಲರೂ. ನಾವೂ ಹಾಗೆಂದವರೇ. ನಮ್ಮ ಮನೆಗಳಲ್ಲಿಯೂ ಬೈಬಲಿನ ಮೇಲೆ ಧೂಳು ಕುಳಿತುದುಂಟು. ಅದನ್ನು ಒರಸುವ ಕೈ ನಮ್ಮದೇ ಆಗಬೇಕಾಯಿತು.

‘ಕೆಲಸವೇ ಪ್ರಾರ್ಥನೆಯಲ್ಲವೇ? ಬೇರೆ ಪ್ರಾರ್ಥನೆ ಏತಕ್ಕೆ?’ ಎಂದು ಕೆಲವರು ಕೇಳುವರು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕವನ್ನೇ ಪೂಜೆಯೆಂದು ಬಗೆದರು. ನಮ್ಮ ನೆರೆಯ ಬಡಾವಣೆಯೊಂದು ಕವಿ ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿದೆ. ದೇವರನ್ನು ದುಡಿಯುವವರ ನಡುವೆ ಅರಸಬೇಕೆಂಬ ಭಾವವು ಅವರ ‘ಗೀತಾಂಜಲಿ’ಯನ್ನು ಓದಿದವರಿಗೆ ಹೊಸತಲ್ಲ. ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಅಡಿಗೆಯ ಕೆಲಸ ಮಾಡಿಕೊಂಡಿದ್ದ ಲಾರೆನ್ಸನೆಂಬ ಸಹೋದರನ ಕಥೆಯೂ ಇದನ್ನೇ ಸಾರುತ್ತದೆ. ಮೊದಲು ಸಿಪಾಯಿಯಾಗಿದ್ದ ಆತನು ಪಂಡಿತನಲ್ಲ, ಬೋಧಕನೂ ಅಲ್ಲ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿ ನಿಲ್ಲುವುದನ್ನು ರೂಢಿ ಮಾಡಿಕೊಂಡನು. 1691ರಲ್ಲಿ ಆತನು ತೀರಿಕೊಂಡ ಬಳಿಕ ಆತನ ಪತ್ರಗಳೂ ಸಂಭಾಷಣೆಗಳೂ ಪುಸ್ತಕವಾಗಿ ಬಂದು, ಇಂದಿಗೂ ಲೋಕದ ನಾನಾ ಭಾಷೆಗಳಲ್ಲಿ ಓದಲ್ಪಡುತ್ತಿವೆ.

ಆದರೆ ಒಂದನ್ನು ಮರೆಯಬಾರದು. ಲಾರೆನ್ಸನು ಕೆಲಸವನ್ನು ಪ್ರಾರ್ಥನೆಯಾಗಿ ಮಾಡಿದುದು ಪ್ರಾರ್ಥಿಸುವುದನ್ನು ಬಿಟ್ಟಲ್ಲ. ಮನಸ್ಸು ಚದುರಿದಾಗಲೆಲ್ಲ ಅದನ್ನು ಮತ್ತೆ ಮತ್ತೆ ದೇವರ ಕಡೆಗೆ ತಿರುಗಿಸಿಯೇ. ಬುಗ್ಗೆಯಿಲ್ಲದ ಕೆರೆಯು ಎಷ್ಟು ದಿನ ತುಂಬಿದ್ದೀತು? ದಿನಕ್ಕೆ ಹತ್ತು ನಿಮಿಷವಾದರೂ ದೇವರ ಮುಂದೆ ಸುಮ್ಮನೆ ನಿಲ್ಲದವಳು ಇಡೀ ದಿನವನ್ನು ಆತನ ಮುಂದೆ ಕಳೆಯುವೆನೆಂದರೆ ಅದು ತನ್ನನ್ನೇ ವಂಚಿಸಿಕೊಂಡಂತೆ. ಬೇಥಾನ್ಯದ ಮನೆಯಲ್ಲಿ ಮಾರ್ಥಳ ಕೆಲಸವನ್ನು ಕರ್ತನು ಹಳಿಯಲಿಲ್ಲ. ಅನೇಕ ವಿಷಯಗಳಿಗಾಗಿ ಕಳವಳಗೊಂಡ ಅವಳ ಮನಸ್ಸನ್ನು ಮಾತ್ರ ಮೃದುವಾಗಿ ಎಚ್ಚರಿಸಿದನು. ಅತಿಥಿಯನ್ನು ಮನೆಗೆ ಕರೆದು, ಆತನೊಡನೆ ಮಾತನಾಡಲು ಬಿಡುವಿಲ್ಲವೆಂದರೆ ಆ ಸತ್ಕಾರವು ಎಂಥದು?

ಸನ್ನಿಧಿಯನ್ನು ಬರಮಾಡಿಕೊಂಡ ಜೀವನವು ಕೈಯ ಕೆಲಸದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸರು 1837ರಲ್ಲಿ ಬೆಂಗಳೂರಿಗೆ ಬಂದರು. ಹೆಣ್ಣುಮಕ್ಕಳಿಗೆ ಅಕ್ಷರವೇಕೆಂದು ಜನರು ನಗುತ್ತಿದ್ದ ಆ ಕಾಲದಲ್ಲಿ, 1840ರ ಸುಮಾರಿಗೆ, ಆ ಮಿಷನ್ನಿನ ಬೋಧಕರ ಪತ್ನಿಯರು ಇಲ್ಲಿ ಕನ್ನಡದ ಹುಡುಗಿಯರಿಗಾಗಿ ಶಾಲೆಯನ್ನು ತೆರೆದರು. ನಾವು ಇಂದು ಓದುಬರಹ ಬಲ್ಲವರಾಗಿರುವುದು ಅಂಥವರ ದುಡಿಮೆಯ ಫಲವೂ ಹೌದು. ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆಯು 1973ರಲ್ಲಿ 80 ಹಾಸಿಗೆಗಳೊಡನೆ ಆರಂಭವಾಯಿತು. ಮರುವರ್ಷ ಬಂದ ಶಸ್ತ್ರವೈದ್ಯೆ ರೆಬೆಕಾ ನೇಲರ್ ಅವರು ದಶಕಗಳ ಕಾಲ ಅಲ್ಲಿ ಸೇವೆ ಸಲ್ಲಿಸಿದರು. ಅಲ್ಲಿಯ ದಾದಿಯರ ಶಾಲೆಯು ಅವರ ಹೆಸರನ್ನು ಹೊತ್ತಿದೆ. ರೋಗಿಯ ಹುಣ್ಣನ್ನು ತೊಳೆಯುವ ದಾದಿಯು ‘ಇದು ದೇವರ ಮುಂದೆ ಮಾಡುವ ಕೆಲಸ’ ಎಂದು ಬಗೆದರೆ ಅವಳ ಕೈ ತಾನಾಗಿಯೇ ಮೃದುವಾಗುವುದು. ಯಾರೂ ನೋಡದ ನಡುರಾತ್ರಿಯಲ್ಲಿಯೂ ಕರೆದೊಡನೆ ಏಳುವಳು. ಭಯಭಕ್ತಿಯೆಂದರೆ ಇದೇ.

ಇದೇ ಅಳತೆಗೋಲನ್ನು ನಮ್ಮ ಮನೆಗಳಿಗೂ ಹಿಡಿದು ನೋಡೋಣ. ಯಶವಂತಪುರದ ಮಂಡಿಯಲ್ಲಿ ತಕ್ಕಡಿ ಹಿಡಿದವನ ತೂಕವು ಸರಿಯಾಗಿರಬೇಕೆಂದು ನಾವು ಬಯಸುವೆವು. ಮೋಸದ ತಕ್ಕಡಿಯು ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿಗಳನ್ನು ಓದಿದ ನಾವು ಬಲ್ಲೆವು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಕೂಲಿ ಕೊಡುವಾಗ ನಮ್ಮ ತಕ್ಕಡಿ ಹೇಗಿದೆ? ಜ್ವರ ಬಂದು ಎರಡು ದಿನ ಬಾರದ ಅವಳ ಸಂಬಳವನ್ನು ಹಿಡಿದುಕೊಂಡ ಕೈಯೇ ರಾತ್ರಿ ಪ್ರಾರ್ಥನೆಗೆ ಜೋಡಿಸಲ್ಪಟ್ಟರೆ, ಆ ಪ್ರಾರ್ಥನೆಯು ಮಾಳಿಗೆಯನ್ನು ದಾಟೀತೇ? ಅತ್ತೆಯೊಡನೆ ಆಡುವ ಮಾತು, ಸೊಸೆಯ ವಿಷಯವಾಗಿ ನೆರೆಯವರಲ್ಲಿ ಆಡುವ ಮಾತು, ಮಕ್ಕಳ ಅಂಕಪಟ್ಟಿಯನ್ನು ನೋಡಿ ಆಡುವ ಮಾತು, ಇವೆಲ್ಲವನ್ನೂ ಕೇಳುತ್ತಿರುವ ಅತಿಥಿಯೊಬ್ಬನು ಮನೆಯಲ್ಲಿದ್ದಾನೆಂದು ನೆನೆದರೆ ನಮ್ಮ ನಾಲಗೆಯು ಎಷ್ಟೋ ಹದಕ್ಕೆ ಬರುವುದು.

ಆದಕಾರಣ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಕ್ಕಳಿಗೆ ದೇವರನ್ನು ತೋರಿಸಿ ಹೆದರಿಸಬೇಡಿರಿ. ‘ದೇವರು ಕಣ್ಣು ಕೀಳುವನು’ ಎಂದು ಬೆಳೆಸಿದ ಮಗುವು ದೊಡ್ಡದಾದ ಮೇಲೆ ದೇವರಿಂದ ದೂರ ಓಡುವುದು. ಉದ್ದುದ್ದ ಪ್ರಾರ್ಥನೆಗಳಿಂದ ಅವರನ್ನು ದಣಿಸಲೂ ಬೇಡಿರಿ. ಊಟಕ್ಕೆ ಕುಳಿತಾಗ ಮೊಬೈಲುಗಳನ್ನು ಬದಿಗಿರಿಸಿ, ಒಂದು ಚಿಕ್ಕ ವಾಕ್ಯಭಾಗವನ್ನು ಮಗಳಿಂದ ಓದಿಸಿ, ಆ ದಿನ ತಪ್ಪಿದುದಕ್ಕೆ ತಂದೆಯೇ ಮೊದಲು ಕ್ಷಮೆ ಕೇಳಲಿ. ಹಿರಿಯರು ತಲೆಬಾಗುವುದನ್ನು ಕಂಡ ಮಗುವಿಗೆ ಭಯಭಕ್ತಿಯ ಪಾಠವನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಎಲ್ಲರೂ ಕೂಡುವುದು ವಾರಕ್ಕೆ ಮೂರೇ ದಿನ ಸಾಧ್ಯವಾದರೆ ಮೂರೇ ದಿನವಾಗಲಿ. ಏನೂ ಇಲ್ಲದ್ದಕ್ಕಿಂತ ಅದು ಮೇಲು.

ಎಮ್ಮಾಹುವಿನ ದಾರಿಯಲ್ಲಿ ನಡೆದ ಇಬ್ಬರು ಶಿಷ್ಯರನ್ನು ನೆನೆಯಿರಿ. ಜೊತೆಗೆ ಬಂದಾತನು ಯಾರೆಂದು ಅವರು ಅರಿಯರು. ಹೊತ್ತು ಮುಳುಗುತ್ತಿದ್ದಾಗ, ಮುಂದೆ ಹೋಗುವಂತೆ ಕಂಡ ಆತನನ್ನು ಬಲವಂತಮಾಡಿ ಮನೆಯೊಳಗೆ ಕರೆದರು. ಊಟಕ್ಕೆ ಕುಳಿತು ರೊಟ್ಟಿಯನ್ನು ಮುರಿದಾಗಲೇ ಅವರ ಕಣ್ಣು ತೆರೆಯಿತು. ಕರೆಯದಿದ್ದರೆ ಅವರಿಗೆ ಆ ಭಾಗ್ಯವು ದೊರೆಯುತ್ತಿತ್ತೇ? ಯಲಹಂಕದಲ್ಲಾಗಲಿ ಹೆಬ್ಬಾಳದಲ್ಲಾಗಲಿ ನಮ್ಮ ಬಾಗಿಲ ಮುಂದೆಯೂ ಪ್ರತಿದಿನ ಸಂಜೆಯಾಗುತ್ತದೆ. ಒಳಗೆ ಬಾ ಎನ್ನುವುದಷ್ಟೇ ನಮ್ಮ ಪಾಲಿನ ಕೆಲಸ.